ಪಕ್‌ಔಟ್ ತೋರಿಸಿ: ಹರ್ಲಿಂಗ್ ನೇರಪ್ರಸಾರ ಮಾಡುವವರಿಗೆ ಒಂದು ಬಹಿರಂಗ ಪತ್ರ

ಐರ್ಲೆಂಡಿನ ಹರ್ಲಿಂಗ್ ಮತ್ತು ಹೆಂಗಸರ ಹರ್ಲಿಂಗ್ ಆದ ಕಮೋಗಿ ಪಂದ್ಯಗಳನ್ನು ಬಿತ್ತರಿಸುವ ಎಲ್ಲ ವಾಹಿನಿಗಳ ಕ್ರೀಡಾ ಮುಖ್ಯಸ್ಥರಿಗೆ, ಮೈದಾನದಾಚೆ ಓಬಿ ವ್ಯಾನಿನಲ್ಲಿ ಕೂತು ಯಾವ ಕ್ಯಾಮೆರಾದ ಚಿತ್ರ ಹೋಗಬೇಕೆಂದು ಆರಿಸುವ ನಿರ್ದೇಶಕರಿಗೆ, ಹಾಗೂ ಹರ್ಲಿಂಗ್ ನಡೆಸುವ ಸಂಸ್ಥೆಯಾದ ಜಿಎಎಯ ಪ್ರಸಾರ ವಿಭಾಗಕ್ಕೆ

ಮಾನ್ಯರೇ,

2024ರ ಜುಲೈ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ನಡೆದ ಆಲ್ ಐರ್ಲೆಂಡ್ ಹರ್ಲಿಂಗ್ ಫೈನಲಿನ ಸ್ಕೋರು (ಗೋಲು-ಪಾಯಿಂಟು) ಹೀಗಿತ್ತು: ಕ್ಲೇರ್ 3-29, ಕಾರ್ಕ್ 1-34. ಹೆಚ್ಚುವರಿ ಸಮಯವೂ ಸೇರಿ 90 ನಿಮಿಷದ ಆಟ. ಗೋಲು, ಪಾಯಿಂಟು ಎಲ್ಲ ಕೂಡಿದರೆ 67 ಸಲ ಬಾವುಟ ಮೇಲೆದ್ದಿದೆ. ಸರಾಸರಿ 80 ಸೆಕೆಂಡಿಗೊಂದು ಸಲ. ಅವಧಿ ಮುಗಿದ ಸೀಟಿಯ ಜೊತೆಗೇ ಬಂದ ಒಂದೆರಡನ್ನು ಬಿಟ್ಟರೆ, ಪ್ರತಿ ಸ್ಕೋರಿನ ಬೆನ್ನಿಗೂ ಗೋಲ್‌ಕೀಪರ್ ಚೆಂಡನ್ನು ಮತ್ತೆ ಆಟಕ್ಕೆ ಹೊಡೆಯುವ ಒಂದು ಪಕ್‌ಔಟ್ ಇದೆ. ಗೋಲುಕಂಬದ ಆಚೀಚೆ ಹೊರಗೆ ಹೋದ ಹೊಡೆತಗಳ ನಂತರದ ಪಕ್‌ಔಟುಗಳು ಬೇರೆ. ಇಷ್ಟರಲ್ಲಿ ಎಷ್ಟನ್ನು ಟಿವಿ ಮುಂದೆ ಕೂತವರು ಮೊದಲಿಂದ ಕೊನೆಯವರೆಗೆ ನೋಡುತ್ತಾರೆ? ಈ ಪತ್ರ ಆ ಒಂದು ಪ್ರಶ್ನೆಯ ಬಗ್ಗೆ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಡಬ್ಲಿನ್, ಕಾರ್ಕ್, ಲಿಮರಿಕ್, ಗಾಲ್ವೇಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಕ್ಕಳು ಊರಿನ ಕ್ಲಬ್ಬಿಗೆ ಸೇರಿ ಹರ್ಲಿಂಗ್ ಆಡುತ್ತಾರೆ. ಅಪ್ಪ-ಅಮ್ಮ ಎಳವೆಯಲ್ಲಿ ಈ ಆಟ ಕಂಡವರಲ್ಲ. ಅವರಿಗೆ ಆಟ ಕಲಿಸುವ ಮೇಷ್ಟ್ರು ಭಾನುವಾರದ ಟಿವಿಯೇ. ಟಿವಿ ಅರ್ಧ ಪಾಠ ಬಿಟ್ಟರೆ ಅವರಿಗೆ ಅರ್ಧ ಆಟವೇ ಗೊತ್ತಾಗುವುದು. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಬೇರೆಯಾಗಿ ಬರುತ್ತದೆ. ಅದರಲ್ಲಿ ಏನಿದೆ ಎಂಬುದು ನಮ್ಮ ಜನಕ್ಕೂ ತಿಳಿದಿರಲಿ.

ಆಟ ಗೊತ್ತಿಲ್ಲದ ಓದುಗರಿಗಾಗಿ ಕೆಲವು ಮಾತು. ತಂಡಕ್ಕೆ 15 ಜನ. ಮೈದಾನ 130ರಿಂದ 145 ಮೀಟರ್ ಉದ್ದ, 80ರಿಂದ 90 ಮೀಟರ್ ಅಗಲ. ಕೈಯಲ್ಲಿ ಆಶ್ ಮರದ ಕೋಲು, ತುದಿಯಲ್ಲಿ ಅಂಗೈಯಂತೆ ಚಪ್ಪಟೆ. ಅದಕ್ಕೆ ಐರಿಷ್‌ನಲ್ಲಿ ಕಮಾನ್ ಎನ್ನುತ್ತಾರೆ, ಬಾಗಿದ್ದು ಎಂಬ ಅರ್ಥದ ಮಾತಿನಿಂದ ಬಂದದ್ದು. ನಮ್ಮ ಕಮಾನಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಆದರೂ ಕನ್ನಡದ ಕಿವಿಗೆ ಒಂದೇ ಸಲಕ್ಕೆ ಹಿಡಿಸುವ ಪದ. ಚೆಂಡಿನ ಹೆಸರು ಸ್ಲಿಟರ್. ಅಡ್ಡಳತೆ 69ರಿಂದ 72 ಮಿಲಿಮೀಟರ್, ತೂಕ 110ರಿಂದ 120 ಗ್ರಾಂ. ಗಾತ್ರದಲ್ಲಿ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡು, ತೂಕದಲ್ಲಿ ಅದಕ್ಕಿಂತ 40 ಗ್ರಾಮಿನಷ್ಟು ಹಗುರ. ಗೋಲುಕಂಬಗಳು ಇಂಗ್ಲಿಷಿನ ಎಚ್ ಅಕ್ಷರದಂತೆ ನಿಂತಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಮೂರು ಪಾಯಿಂಟಿಗೆ ಸಮ, ಹಸಿರು ಬಾವುಟ. ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲೆ ಹಾದರೆ ಒಂದು ಪಾಯಿಂಟು, ಬಿಳಿ ಬಾವುಟ. ಸ್ಕೋರು ಬಂದಮೇಲೆ, ಅಥವಾ ದಾಳಿ ಮಾಡಿದವರ ಹೊಡೆತ ಹೊರಹೋದಮೇಲೆ, ಗೋಲಿ, ಅಂದರೆ ಗೋಲ್‌ಕೀಪರ್, ಗೋಲಿನ ಮುಂದಿನ ಸಣ್ಣ ಆಯತದೊಳಗೆ ನಿಂತು ಕೈಯಿಂದ ಚೆಂಡು ಚಿಮ್ಮಿಸಿ ಹೊಡೆಯುತ್ತಾನೆ. ಅದೇ ಪಕ್‌ಔಟ್.

ಮೊದಲು ಇದು ಅಷ್ಟು ದೊಡ್ಡ ಸಂಗತಿಯಾಗಿರಲಿಲ್ಲ. ಗೋಲಿ ತೋಳಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಚೆಂಡನ್ನು ಮೈದಾನದ ನಡುವಿನಾಚೆ ಹೊಡೆಯುತ್ತಿದ್ದ, ಕೆಳಗೆ ನಿಂತ ಇಬ್ಬರು ಕೈ ಚಾಚುತ್ತಿದ್ದರು. 2000ದ ದಶಕದಲ್ಲಿ ಕಾರ್ಕಿನ ಗೋಲಿ ಡೋನಲ್ ಓಗ್ ಕ್ಯೂಸಾಕ್ ಈ ಹೊಡೆತವನ್ನು ಗುರಿಯಿಟ್ಟ ಪಾಸನ್ನಾಗಿ ಮಾಡಿದರು. ಚೆಂಡನ್ನು ಪಕ್ಕದಲ್ಲೇ ಮೂಲೆ ಕಾಯುವ ರಕ್ಷಕನಾದ ಕಾರ್ನರ್ ಬ್ಯಾಕ್‌ನ ಎದೆಯೆತ್ತರಕ್ಕೆ ಕೊಡುವುದು, ಅಥವಾ ಓಡುತ್ತಿರುವವನ ಮುಂದಿನ ಖಾಲಿ ಜಾಗಕ್ಕೆ ಇಳಿಸುವುದು. 2018ರಿಂದ 2023ರೊಳಗೆ ಐದು ಸಲ ಗೆದ್ದ ಲಿಮರಿಕ್ ತಂಡದ ಆಟವೂ ಗೋಲಿ ನಿಕಿ ಕ್ವೇಡ್ ಅವರ ಕೋಲಿನಿಂದಲೇ ಶುರುವಾಗುತ್ತಿತ್ತು. ಈಗ ಜಿಲ್ಲಾ ತಂಡಗಳ ಮಟ್ಟದಲ್ಲಿ ತನ್ನ ಪಕ್‌ಔಟನ್ನು ಕಾಪಾಡಿಕೊಳ್ಳಲಾಗದ ತಂಡ ಗೆಲ್ಲುವುದು ಅಪರೂಪ.

ಒಂದು ಪಕ್‌ಔಟನ್ನು ಹತ್ತಿರದಿಂದ ನೋಡಿ. ಎದುರಾಳಿ ಪಾಯಿಂಟು ಹೊಡೆದಾಯಿತು, ಅಂಪೈರ್ ಬಿಳಿ ಬಾವುಟಕ್ಕೆ ಬಗ್ಗುತ್ತಿದ್ದಾನೆ. ಅಷ್ಟರೊಳಗೆ ಗೋಲಿಯ ಕೈಗೆ ಇನ್ನೊಂದು ಚೆಂಡು ಬಂದಿದೆ. ಅವನು ತಲೆಯೆತ್ತಿ ನೋಡುವುದು ಚೆಂಡನ್ನಲ್ಲ, 60-70 ಮೀಟರ್ ದೂರದಲ್ಲಿ ಒಂದೇ ಕಡೆ ಗುಂಪಾಗಿ ನಿಂತ, ದಾಳಿಯ ಹಿಂದಿನ ಸಾಲಿನ ತನ್ನ ಮೂವರು ಹಾಫ್ ಫಾರ್ವರ್ಡ್‌ಗಳನ್ನು. ಇಬ್ಬರು ಬಲಕ್ಕೆ ಸಿಡಿಯುತ್ತಾರೆ, ಕಾವಲಿನವರನ್ನು ಎಳೆದುಕೊಂಡು ಹೋಗುತ್ತಾರೆ. ಮೂರನೆಯವನು ಎರಡು ಹೆಜ್ಜೆ ಹಿಂದೆ ಸರಿದು ಒಮ್ಮೆಗೇ ಎಡಕ್ಕೆ ತಿರುಗುತ್ತಾನೆ. ಮಿಡ್‌ಫೀಲ್ಡರ್ ಒಬ್ಬ ಚೆಂಡು ಬೀಳುವ ಜಾಗದ ಆಚೆ, ಕೋಲಿಗೆ ತಾಗಿ ಸಿಡಿದ ಚೆಂಡು ಹೆಕ್ಕಲು ಕಾಯುತ್ತಾನೆ. ಗಾಳಿ ಎದುರಿದ್ದರೆ ಗೋಲಿ ಚೆಂಡನ್ನು ತಗ್ಗಿನಲ್ಲಿ ಬಿಗಿಯಾಗಿ ಹೊಡೆಯುತ್ತಾನೆ, ಬೆನ್ನಿಗಿದ್ದರೆ ಎತ್ತಿ ತೇಲಿಸುತ್ತಾನೆ. ಹೊಡೆತದಿಂದ ಚೆಂಡು ಕೆಳಗಿಳಿಯುವವರೆಗೆ ಸುಮಾರು ಮೂರು ಸೆಕೆಂಡು. ಅದಕ್ಕೆ ಮುಂಚಿನ ತಯಾರಿ ಕೆಲವೊಮ್ಮೆ ಐದಾರು ಸೆಕೆಂಡಿನಲ್ಲೇ ಮುಗಿದಿರುತ್ತದೆ, ಏಕೆಂದರೆ ಎದುರಾಳಿ ತನ್ನ ಜಾಗಕ್ಕೆ ಮರಳುವ ಮೊದಲೇ ಹೊಡೆದುಬಿಡುವುದೇ ಅಲ್ಲಿನ ಜಾಣತನ.

ಅದೇ ಹೊತ್ತಿಗೆ ಮನೆಯ ಪರದೆಯ ಮೇಲೆ ಏನಿರುತ್ತದೆ? ಪಾಯಿಂಟು ಹೊಡೆದವನ ಮುಖ, ಎರಡು ಸೆಕೆಂಡು. ಗ್ಯಾಲರಿಯಲ್ಲಿ ಬಾವುಟ ಬೀಸುವವರು, ಇನ್ನೆರಡು ಸೆಕೆಂಡು. ವಾಹಿನಿಯ ಲಾಂಛನ ಸರ್ರನೆ ಹಾಯುತ್ತದೆ, ಮೊದಲ ಕೋನದ ರೀಪ್ಲೇ ಆರು ಸೆಕೆಂಡು, ಗೋಲಿನ ಹಿಂದಿನ ಕೋನದಿಂದ ಮತ್ತೆ ಆರು. ಮತ್ತೆ ಲಾಂಛನ. ನೇರಪ್ರಸಾರಕ್ಕೆ ಮರಳಿದಾಗ ಚೆಂಡು ಗಾಳಿಯಲ್ಲಿರುತ್ತದೆ, ಇಲ್ಲವೇ ನಾಲ್ಕು ಜನ ಅದರ ಮೇಲೆ ಬಿದ್ದಿರುತ್ತಾರೆ. ಚೆಂಡು ಅಲ್ಲಿಗೆ ಹೇಗೆ ಬಂತು, ಯಾರ ಕೈ ತಪ್ಪಿತು, ಯಾರು ಯಾರನ್ನು ಏಮಾರಿಸಿದರು, ಒಂದೂ ತಿಳಿಯುವುದಿಲ್ಲ. ಕಾಮೆಂಟೇಟರ್ ಗಡಿಬಿಡಿಯಲ್ಲಿ ಎರಡು ಹೆಸರು ಹೇಳಿ ಮುಂದೆ ಹೋಗುತ್ತಾರೆ. ಸ್ಕೋರಿಗೆ 15 ಸೆಕೆಂಡಿನಂತೆ 67 ಸಲ ಹೀಗಾದರೆ 16 ನಿಮಿಷ ದಾಟುತ್ತದೆ. ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂತವನು ಆ ಹದಿನಾರು ನಿಮಿಷವನ್ನೂ ನೋಡುತ್ತಾನೆ.

ಇದು ಹಳೆಯ ಅಭ್ಯಾಸದ ಫಲ ಎಂದು ನಮ್ಮ ಅಂದಾಜು. 1962ರಲ್ಲಿ ಮೊದಲ ಸಲ ಆಲ್ ಐರ್ಲೆಂಡ್ ಹರ್ಲಿಂಗ್ ಫೈನಲ್ ಟಿವಿಯಲ್ಲಿ ನೇರವಾಗಿ ಬಂದಾಗ ಟಿಪ್ಪರೇರಿ 3-10, ವೆಕ್ಸ್‌ಫರ್ಡ್ 2-11. 60 ನಿಮಿಷದಲ್ಲಿ 26 ಸ್ಕೋರು, ಸರಾಸರಿ ಎರಡು ನಿಮಿಷಕ್ಕಿಂತ ಹೆಚ್ಚಿನ ಬಿಡುವು. ಸಾಕರಿನಲ್ಲಂತೂ ಪಂದ್ಯಕ್ಕೆ ಎರಡೋ ಮೂರೋ ಗೋಲು. ಗೋಲಾದಮೇಲೆ ಆಟಗಾರರು ತಬ್ಬಿಕೊಂಡು, ಚೆಂಡು ನಡುವೃತ್ತಕ್ಕೆ ಬಂದು, ಮತ್ತೆ ಶುರುವಾಗುವಷ್ಟರಲ್ಲಿ ನಾಲ್ಕು ರೀಪ್ಲೇ ತೋರಿಸಬಹುದು. ಆ ವ್ಯಾಕರಣವನ್ನು ಇವತ್ತಿನ ಹರ್ಲಿಂಗಿಗೆ ಹಾಗೆಯೇ ಹೊದಿಸಿದರೆ ಆಟ ಅದರ ಕೆಳಗೆ ಮುಚ್ಚಿಹೋಗುತ್ತದೆ.

ರೇಡಿಯೊದಲ್ಲಿ ಈ ತೊಂದರೆ ಇಲ್ಲ ಎಂಬುದನ್ನು ನೀವು ಗಮನಿಸಬೇಕು. 1926ರ ಆಗಸ್ಟ್ 29ರಂದು ಕಿಲ್ಕೆನಿ–ಗಾಲ್ವೇ ಸೆಮಿಫೈನಲ್ ರೇಡಿಯೊದಲ್ಲಿ ಬಂದಾಗಿನಿಂದ, 1938ರಲ್ಲಿ ಹದಿನೆಂಟರ ಹರೆಯದ ಕಾಮೆಂಟೇಟರ್ ಮೀಹಾಲ್ ಓಹೇರ್ ಮೈಕಿನ ಮುಂದೆ ಕೂತಾಗಿನಿಂದ, ಕೇಳುಗರಿಗೆ ಚೆಂಡು ಎಲ್ಲಿಂದ ಎದ್ದು ಎಲ್ಲಿ ಬಿತ್ತು ಎಂದು ಹೇಳದೆ ವಿಧಿಯಿರಲಿಲ್ಲ. ಹಾಗಾಗಿಯೇ ಟಿವಿಯ ಧ್ವನಿ ಇಳಿಸಿ ಪಕ್ಕದಲ್ಲಿ ರೇಡಿಯೊ ಇಟ್ಟುಕೊಳ್ಳುವ ರೂಢಿ ಈ ದೇಶದ ಅನೇಕ ಮನೆಗಳಲ್ಲಿತ್ತು. ಡಿಜಿಟಲ್ ಪ್ರಸಾರ, ಅದರ ಮೇಲೆ ಇಂಟರ್ನೆಟ್ ಸ್ಟ್ರೀಮ್ ಬಂದಮೇಲೆ ಚಿತ್ರ ಹಿಂದೆ ಬೀಳುತ್ತದೆ, ರೇಡಿಯೊ ಮುಂದೆ ಓಡುತ್ತದೆ. ಎರಡೂ ಕೂಡುವುದಿಲ್ಲ. ಟಿವಿಯೇ ಆ ಕೆಲಸ ಮಾಡಬೇಕು.

ಮಾಡುವುದು ಹೇಗೆ? ಮೊದಲನೆಯದು ಖರ್ಚಿಲ್ಲದ್ದು. ವ್ಯಾನಿನಲ್ಲಿ ಒಬ್ಬರಿಗೆ ಪಕ್‌ಔಟ್ ಕಾಯುವುದೊಂದೇ ಕೆಲಸ ಕೊಡಿ. ಸ್ಕೋರಾದ ತಕ್ಷಣ ಅವರ ಕಣ್ಣು ಗೋಲಿಯನ್ನು ತೋರಿಸುವ ಮಾನಿಟರಿನ ಮೇಲಿರಲಿ. ಗೋಲಿಯ ಕೈಗೆ ಚೆಂಡು ಬಂದಕೂಡಲೇ ‘ಚೆಂಡು ಬಂತು’ ಎಂದು ಕೂಗಲಿ. ಆ ಕೂಗು ಕೇಳಿದಮೇಲೆ ರೀಪ್ಲೇ ನಡುವಿನಲ್ಲಿದ್ದರೂ ಕತ್ತರಿಸಿ ನೇರ ಚಿತ್ರಕ್ಕೆ ಬರಬೇಕು. ಕತ್ತರಿಸಿದ ರೀಪ್ಲೇ ಎಲ್ಲೂ ಹೋಗುವುದಿಲ್ಲ, ಸರ್ವರಿನಲ್ಲಿ ಇರುತ್ತದೆ. ಎದುರಾಳಿಯ ತಪ್ಪಿಗೆ ಸಿಕ್ಕ ಫ್ರೀ ಹೊಡೆಯುವವನು ಚೆಂಡಿಟ್ಟು, ಕೈಗವಸು ಸರಿಮಾಡಿಕೊಂಡು, ಕಂಬ ನೋಡಿ ಉಸಿರೆಳೆಯುವ ಹೊತ್ತು, 65 ಮೀಟರ್ ಗೆರೆಯಿಂದ ಹೊಡೆಯುವ ಹೊತ್ತು, ಗಾಯಗೊಂಡವನಿಗೆ ವೈದ್ಯರು ಬರುವ ಹೊತ್ತು — ಪಂದ್ಯದಲ್ಲಿ ಇಂಥ ಬಿಡುವು ಬೇಕಾದಷ್ಟಿದೆ. ಅಲ್ಲಿ ಮೂರು ಸ್ಕೋರುಗಳನ್ನು ಒಟ್ಟಿಗೆ ತೋರಿಸಿದರೂ ಯಾರೂ ಬೇಸರಿಸುವುದಿಲ್ಲ.

ಪಾಯಿಂಟಿಗೆ ಒಂದು ರೀಪ್ಲೇ ಸಾಕು, ಆರು ಸೆಕೆಂಡು ಮೀರದಂತೆ. ಗೋಲಿಗೆ ಎರಡು ಇರಲಿ, ಗೋಲಾದಮೇಲೆ ಬಿಡುವೂ ಕೊಂಚ ಹೆಚ್ಚು. ನೇರ ಫ್ರೀಯಿಂದ ಬಂದ ಪಾಯಿಂಟಿಗೆ ರೀಪ್ಲೇ ಬೇಡವೇ ಬೇಡ. ನಿಂತಲ್ಲಿಂದ ಹೊಡೆದು ನಡುವಿನಿಂದ ಹೋದದ್ದನ್ನು ಎಲ್ಲರೂ ಆಗಲೇ ನೋಡಿರುತ್ತಾರೆ.

ರೀಪ್ಲೇಯೇ ಬೇಡ ಎನ್ನುತ್ತಿಲ್ಲ. 2018ರ ಲಿಮರಿಕ್–ಕಾರ್ಕ್ ಸೆಮಿಫೈನಲಿನ ನಿಗದಿತ ಸಮಯದ ಕೊನೆಗಳಿಗೆಯಲ್ಲಿ ಕಾರ್ಕಿನ ಶೇಮಸ್ ಹಾರ್ನೆಡಿ ಗೋಲಿನತ್ತ ಹೊಡೆಯಲು ಕೋಲು ಎತ್ತಿದಾಗ ನಿಕಿ ಕ್ವೇಡ್ ನುಗ್ಗಿ ಬಂದು ತಮ್ಮ ಕೋಲಿನ ತುದಿಯಿಂದ ಚೆಂಡನ್ನು ಆಚೆ ಸರಿಸಿದರು. ಬರಿಗಣ್ಣಿಗೆ ಹಾರ್ನೆಡಿ ಹೊಡೆತ ತಪ್ಪಿದಂತೆ ಕಂಡಿತು. ನಿಧಾನಗತಿಯಲ್ಲಿ ನೋಡಿದಾಗಲಷ್ಟೇ ಆ ಕೋಲಿನ ತುದಿಯ ಕೈಚಳಕ ಗೊತ್ತಾದದ್ದು. ರೀಪ್ಲೇ ಇರುವುದು ಇಂಥದ್ದಕ್ಕೆ. 40 ಮೀಟರಿನಿಂದ ಸಲೀಸಾಗಿ ಹೊಡೆದ ಪಾಯಿಂಟನ್ನು ಮೂರು ಕೋನದಿಂದ ತೋರಿಸಿ ಅದನ್ನು ಸವೆಸಬೇಡಿ.

ಎರಡನೆಯದು ಚೌಕಟ್ಟಿನ ಲೆಕ್ಕ. ನೀವು ಬಲ್ಲವರು, ಆದರೂ ಅಂಕಿಗಳನ್ನು ಮುಂದಿಡುತ್ತೇವೆ. ನಡುಗೆರೆಯ ಮೇಲಿನ ಮುಖ್ಯ ಕ್ಯಾಮೆರಾ 60 ಮೀಟರ್ ಅಗಲದ ಆಟವನ್ನು 1920 ಪಿಕ್ಸೆಲ್‌ಗಳಲ್ಲಿ ತೋರಿಸಿದರೆ ಪಿಕ್ಸೆಲ್ ಒಂದಕ್ಕೆ 3 ಸೆಂಟಿಮೀಟರಿಗಿಂತ ತುಸು ಹೆಚ್ಚು. 7 ಸೆಂಟಿಮೀಟರಿನ ಸ್ಲಿಟರ್ ಎರಡು ಪಿಕ್ಸೆಲ್‌ನಷ್ಟು ದೊಡ್ಡದಾಗಿ ಕಾಣುತ್ತದೆ. ಇಂಟರ್‌ಲೇಸ್ಡ್ ಪ್ರಸಾರದಲ್ಲಿ, ಅಂದರೆ ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸರದಿಯಲ್ಲಿ ಕಳಿಸುವಾಗ, ಒಂದು ಸರದಿಗೆ ಒಂದೇ ಗೆರೆ ಉಳಿಯುತ್ತದೆ. ಬಲವಾಗಿ ಹೊಡೆದ ಚೆಂಡಿನ ವೇಗ ಗಂಟೆಗೆ 150 ಕಿಲೋಮೀಟರಿನ ಆಸುಪಾಸು, ಅಂದರೆ ಸೆಕೆಂಡಿಗೆ 40 ಮೀಟರ್. ಶಟರ್ ಸೆಕೆಂಡಿನ 50ನೇ ಒಂದು ಭಾಗಕ್ಕಿದ್ದರೆ ಆ ಅವಧಿಯಲ್ಲಿ ಚೆಂಡು 80 ಸೆಂಟಿಮೀಟರ್ ಸಾಗಿ, ಚಿತ್ರದಲ್ಲಿ ಮಾಸಲು ಗೀರಾಗುತ್ತದೆ. 500ನೇ ಒಂದು ಭಾಗಕ್ಕೆ ಇಟ್ಟರೆ 8 ಸೆಂಟಿಮೀಟರ್, ಹೆಚ್ಚುಕಡಿಮೆ ಚೆಂಡಿನಷ್ಟೇ. ಜೂನ್-ಜುಲೈ ಮಧ್ಯಾಹ್ನದ ಬೆಳಕಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಜನವರಿ ಕೊನೆಯಲ್ಲಿ ಲೀಗ್ ಶುರುವಾದಾಗ, ಫ್ಲಡ್‌ಲೈಟಿನ ಕೆಳಗೆ, ಅಷ್ಟು ವೇಗದ ಶಟರ್ ಇಟ್ಟರೆ ಚಿತ್ರ ಕಪ್ಪಾಗುತ್ತದೆ, ಕ್ಯಾಮೆರಾದ ಸಂಕೇತವನ್ನು ಹಿಗ್ಗಿಸುವ ಗೇನ್ ಏರಿಸಿದರೆ ಕಾಳುಕಾಳಾಗುತ್ತದೆ. ಅಲ್ಲಿ 200ನೇ ಒಂದು ಭಾಗಕ್ಕೆ ರಾಜಿಯಾಗಬೇಕಾದೀತು. ಸ್ಟ್ರೀಮಿನಲ್ಲಿ ಇನ್ನೊಂದು ಕಷ್ಟ: ಗ್ಯಾಲರಿಯ ಜನಸಾಗರ ಹಿನ್ನೆಲೆಗೆ ಬಂದಾಗ ಕಂಪ್ರೆಷನ್ ಎಲ್ಲಕ್ಕಿಂತ ಮೊದಲು ನುಂಗಿಹಾಕುವುದು ವೇಗವಾಗಿ ಚಲಿಸುವ ಚಿಕ್ಕ ಚುಕ್ಕೆಯನ್ನೇ. 2020ರಲ್ಲಿ ಚಾಂಪಿಯನ್‌ಷಿಪ್ಪಿಗೆ ಹೊಳೆಯುವ ಹಳದಿ ಸ್ಲಿಟರ್ ಬಂದದ್ದು ದೊಡ್ಡ ಉಪಕಾರ. ಬಿಳಿ ಚೆಂಡು ಬಿಳಿ ಮೋಡದೊಳಗೆ ಹೋದರೆ ಮುಗಿದೇಹೋಯಿತು ಎನ್ನುವ ಕಾಲವಿತ್ತು.

ಆದ್ದರಿಂದ ಪಕ್‌ಔಟ್ ಹೊತ್ತಿನಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡಬಾರದು. ಗೋಲಿಯಿಂದ ಚೆಂಡು 80 ಮೀಟರ್ ಹೋಗುತ್ತದೆ, ಚೌಕಟ್ಟು 60 ಮೀಟರ್. ಎರಡು ತುದಿಯನ್ನೂ ಹಿಡಿಯಲು ಹೋದರೆ ಎರಡೂ ಸಿಗುವುದಿಲ್ಲ. ಮುಖ್ಯ ಚಿತ್ರದಲ್ಲಿ ಚೆಂಡು ಇಳಿಯುವ ಪ್ರದೇಶ, ಅಂದರೆ ಎರಡು 65 ಮೀಟರ್ ಗೆರೆಗಳ ನಡುವಿನ ಜಾಗ ಇರಲಿ. ಮೂಲೆಯ ಪುಟ್ಟ ಪೆಟ್ಟಿಗೆಯಲ್ಲಿ ಗೋಲಿ ಇರಲಿ. ಗೋಲಿ ಹೊಡೆದದ್ದು ಪೆಟ್ಟಿಗೆಯಲ್ಲಿ ಕಾಣುತ್ತದೆ, ಓಡಿದವರೆಲ್ಲ ದೊಡ್ಡ ಚಿತ್ರದಲ್ಲಿ ಕಾಣುತ್ತಾರೆ, ಚೆಂಡು ಮೇಲಿಂದ ಅವರ ನಡುವೆ ಬಂದು ಬೀಳುತ್ತದೆ. ಗೋಲಿ ಹತ್ತಿರದವನಿಗೇ ಕೊಟ್ಟರೆ ಪೆಟ್ಟಿಗೆಯ ಚಿತ್ರವನ್ನೇ ದೊಡ್ಡದು ಮಾಡಿದರಾಯಿತು, ಏನೂ ತಪ್ಪಿಹೋಗುವುದಿಲ್ಲ.

ಇದಕ್ಕಿಂತ ಒಳ್ಳೆಯದು ಗೋಲಿನ ಹಿಂದೆ ಎತ್ತರದಲ್ಲಿ ಕೂರಿಸಿದ ಕ್ಯಾಮೆರಾ. ಪಕ್ಕದಿಂದ ನೋಡಿದರೆ ಮೈದಾನದ 90 ಮೀಟರ್ ಅಗಲ ಚಪ್ಪಟೆಯಾಗಿ, ಹತ್ತು ಮೀಟರ್ ದೂರದಲ್ಲಿರುವ ಇಬ್ಬರು ಒಬ್ಬರಿಗೊಬ್ಬರು ಅಂಟಿಕೊಂಡಂತೆ ಕಾಣುತ್ತಾರೆ. ಹಿಂದಿನಿಂದ ನೋಡಿದರೆ ಗಲ್ಲಿಗಳು ತೆರೆದುಕೊಳ್ಳುತ್ತವೆ: ಯಾವ ಗಲ್ಲಿ ಖಾಲಿ, ಯಾರು ಅದರೊಳಕ್ಕೆ ಬರುತ್ತಿದ್ದಾರೆ, ಗೋಲಿ ಅದನ್ನೇ ನೋಡಿದನೋ ಇಲ್ಲವೋ. ತಂಡಗಳ ವಿಶ್ಲೇಷಕರು ತಮಗಾಗಿ ಚಿತ್ರೀಕರಿಸಿಕೊಳ್ಳುವುದೂ ಎತ್ತರದಿಂದಲೇ. ದೊಡ್ಡ ಪಂದ್ಯಗಳಲ್ಲಿ ಈ ಕ್ಯಾಮೆರಾ ನಿಮ್ಮ ಬಳಿ ಆಗಲೇ ಇರುತ್ತದೆ, ರೀಪ್ಲೇಗೆ ಮಾತ್ರ ಬಳಸುತ್ತೀರಿ. ಪಂದ್ಯಕ್ಕೆ ಹತ್ತು ಪಕ್‌ಔಟನ್ನಾದರೂ ಅದರಿಂದ ನೇರವಾಗಿ ತೋರಿಸಿ. ದಿಕ್ಕು ಬದಲಾದರೆ ನೋಡುವವರಿಗೆ ಗೊಂದಲ ಎಂಬ ಆಕ್ಷೇಪ ನಮಗೆ ಗೊತ್ತು. ಕ್ರಿಕೆಟ್ ನೋಡಿ ಬೆಳೆದ ಕನ್ನಡಿಗರನ್ನು ಕೇಳಿ, ಬೌಲರಿನ ಬೆನ್ನ ಹಿಂದಿನ ಚಿತ್ರದಿಂದ ಬೌಂಡರಿಯ ಚಿತ್ರಕ್ಕೆ ಪ್ರತಿ ಎಸೆತದಲ್ಲೂ ಜಿಗಿಯುವುದು ಅವರಿಗೆ ಉಸಿರಾಟದಷ್ಟು ಸಲೀಸು.

ಇದರಲ್ಲಿ ವಿಚಿತ್ರವೆನಿಸುವ ಸಂಗತಿಯೊಂದಿದೆ. ಮೂರು-ನಾಲ್ಕು ಕ್ಯಾಮೆರಾಗಳಲ್ಲಿ ಬಿತ್ತರವಾಗುವ ಕ್ಲಬ್ ಪಂದ್ಯಗಳಲ್ಲಿ ಪಕ್‌ಔಟ್ ತಪ್ಪುವುದು ಕಡಿಮೆ. ಜಿಗಿಯಲು ಬೇರೆ ಕೋನ ಇಲ್ಲದ್ದರಿಂದ ನಿರ್ದೇಶಕರು ಅಗಲ ಚಿತ್ರದಲ್ಲೇ ಉಳಿಯುತ್ತಾರೆ, ಆಟ ತಾನೇ ತಾನಾಗಿ ಕಾಣುತ್ತದೆ. ಕಮೋಗಿಯಲ್ಲೂ ಎಷ್ಟೋ ಸಲ ಹೀಗೇ. ಅಲ್ಲಿ ಚೆಂಡು ನಾಲ್ಕನೇ ಸೈಜಿನದು, ಇನ್ನೂ ಚಿಕ್ಕದು, ಹಾಗಾಗಿ ಅಗಲ ಚಿತ್ರದಲ್ಲಿ ಕಣ್ಣಿಗೆ ತ್ರಾಸ ಹೆಚ್ಚು. ಕ್ಯಾಮೆರಾ ಕಡಿಮೆ ಇರಲಿ, ಅಡ್ಡಿಯಿಲ್ಲ, ಶಟರ್ ಮತ್ತು ಬಿಟ್‌ರೇಟಿನಲ್ಲಿ ಮಾತ್ರ ಕಮೋಗಿಗೆ ಕಡಿಮೆ ಮಾಡಬೇಡಿ.

ಇನ್ನು ಅಂಕಿಅಂಶಗಳು. ಅರ್ಧ ಸಮಯದಲ್ಲಿ ಚೆಂಡು ಯಾರ ಬಳಿ ಎಷ್ಟು ಶೇಕಡಾ ಇತ್ತು ಎಂದು ತೋರಿಸುತ್ತೀರಿ. ಒಂದೇ ಹೊಡೆತಕ್ಕೆ ಈ ತುದಿಯಿಂದ ಆ ತುದಿಗೆ ಚೆಂಡು ಹಾರುವ ಆಟದಲ್ಲಿ ಆ ಶೇಕಡಾವಾರು ಏನನ್ನೂ ಹೇಳುವುದಿಲ್ಲ. ಅದರ ಬದಲು ನಾಲ್ಕು ಅಂಕಿ ಕೊಡಿ: ತನ್ನ ಪಕ್‌ಔಟ್ ಎಷ್ಟು, ಅದರಲ್ಲಿ ಉಳಿಸಿಕೊಂಡದ್ದೆಷ್ಟು, ಉದ್ದದ್ದರಲ್ಲಿ ಗೆದ್ದದ್ದೆಷ್ಟು, ಕಳೆದುಕೊಂಡದ್ದರಿಂದ ಎದುರಾಳಿಗೆ ಹೋದ ಸ್ಕೋರೆಷ್ಟು. 2025ರ ಜುಲೈ 20ರ ಫೈನಲನ್ನು ನೆನಪಿಸಿಕೊಳ್ಳಿ. ಅರ್ಧ ಸಮಯಕ್ಕೆ ಕಾರ್ಕ್ 1-16, ಟಿಪ್ಪರೇರಿ 0-13, ಕಾರ್ಕ್ ಆರು ಪಾಯಿಂಟು ಮುಂದೆ. ಪಂದ್ಯ ಮುಗಿದಾಗ ಟಿಪ್ಪರೇರಿ 3-27, ಕಾರ್ಕ್ 1-18. ದ್ವಿತೀಯಾರ್ಧ ಪೂರ್ತಿ ಕಾರ್ಕ್ ಗಳಿಸಿದ್ದು ಎರಡೇ ಎರಡು ಪಾಯಿಂಟು. ಟಿಪ್ಪರೇರಿ ತನ್ನ ರಕ್ಷಣೆಯ ಹಿಂದೆ ಒಬ್ಬ ಸ್ವೀಪರನನ್ನು ನಿಲ್ಲಿಸಿತ್ತು. ಹಾಗೆ ನಿಲ್ಲಿಸಿದಾಗ ಮುಂದೆ ಒಬ್ಬ ಕಡಿಮೆಯಾಗುತ್ತಾನೆ, ಎದುರಾಳಿ ಗೋಲಿಗೆ ಹತ್ತಿರದಲ್ಲೇ ಒಬ್ಬ ಬಿಡುವಾಗಿ ಸಿಗುತ್ತಾನೆ. ಅವನಿಗೆ ಕೊಟ್ಟು ಮೇಲೇರುವುದೋ, ಉದ್ದಕ್ಕೆ ಹೊಡೆದು ಸ್ವೀಪರನ ಕೈಗೇ ಇಡುವುದೋ? ಇಡೀ ದ್ವಿತೀಯಾರ್ಧ ಆ ಪ್ರಶ್ನೆಯ ಸುತ್ತ ತಿರುಗುತ್ತದೆ. ಸ್ವೀಪರ್ ನಿಲ್ಲುವುದು ಚೆಂಡಿನಿಂದ ದೂರದಲ್ಲಿ, ಇಕ್ಕಟ್ಟಿನ ಚೌಕಟ್ಟಿನ ಹೊರಗೆ. ಮನೆಯಲ್ಲಿ ಕೂತವರಿಗೆ ಕಂಡದ್ದು ಕಾರ್ಕಿನವರ ಕೈ ಸೋತದ್ದು. ಸೋಲು ಎಲ್ಲಿ ಹುಟ್ಟಿತೆಂಬುದು ಅಗಲ ಚಿತ್ರದಲ್ಲಿತ್ತು.

ಪರದೆಯ ಮೇಲಿನ ಸ್ಕೋರುಪಟ್ಟಿಯ ಬಗ್ಗೆ ಒಂದು ಚಿಕ್ಕ ಬೇಡಿಕೆ. 1-18 ಮತ್ತು 0-22 ಎಂದಿದ್ದರೆ ಯಾರು ಮುಂದೆ? ಆಟದಲ್ಲೇ ಹುಟ್ಟಿ ಬೆಳೆದವರು ರೆಪ್ಪೆ ಬಡಿಯುವುದರೊಳಗೆ 21, 22 ಎಂದು ಕೂಡಿಸುತ್ತಾರೆ. ಹೊಸಬರು, ಮಕ್ಕಳು ತಡವರಿಸುತ್ತಾರೆ. ಗೋಲು-ಪಾಯಿಂಟಿನ ಹಳೆಯ ಬರವಣಿಗೆ ಹಾಗೆಯೇ ಇರಲಿ, ಅದು ಆಟದ ಚೆಲುವು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಟ್ಟು ಮೊತ್ತವೂ ಇರಲಿ. ಗೇಲಿಕ್ ಫುಟ್‌ಬಾಲಿನಲ್ಲಿ 2025ರಿಂದ 40 ಮೀಟರ್ ಕಮಾನುಗೆರೆಯಾಚೆಯಿಂದ ಹೊಡೆದರೆ ಎರಡು ಪಾಯಿಂಟು, ಕಿತ್ತಳೆ ಬಾವುಟ. ಅಲ್ಲಿ ಹೊಡೆದವನ ಕಾಲು ಗೆರೆಯ ಯಾವ ಕಡೆ ಇತ್ತು ಎಂಬುದನ್ನು ತೋರಿಸುವ ರೀಪ್ಲೇ ನಿಜಕ್ಕೂ ಬೇಕು, ಮುಖದ ಕ್ಲೋಸಪ್ ಅಲ್ಲ.

ಹಾಕ್‌ಐ ಬಗ್ಗೆಯೂ ಹೇಳಬೇಕು. 2013ರಲ್ಲಿ ಕ್ರೋಕ್ ಪಾರ್ಕಿಗೆ ಬಂತು, ಆಮೇಲೆ ಥರ್ಲ್ಸಿನ ಸೆಂಪಲ್ ಸ್ಟೇಡಿಯಂಗೆ. ಚೆಂಡು ಕಂಬಗಳ ನೆತ್ತಿಗಿಂತ ಎತ್ತರದಲ್ಲಿ ಹಾದಾಗ ಅಂಪೈರಿಗೆ ಆಧಾರವೇ ಇರುವುದಿಲ್ಲ. ಯಂತ್ರ ಕಂಬವನ್ನು ಆಕಾಶದವರೆಗೆ ಬೆಳೆಸಿ ಲೆಕ್ಕ ಹಾಕುತ್ತದೆ, ದೊಡ್ಡ ಪರದೆಯ ಮೇಲೆ ಐರಿಷ್‌ನಲ್ಲಿ ಟಾ ಅಥವಾ ನೀಲ್, ಹೌದು ಅಥವಾ ಇಲ್ಲ ಎಂದು ಬರುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಲಿಮರಿಕ್–ಗಾಲ್ವೇ ಕಿರಿಯರ ಸೆಮಿಫೈನಲಿನಲ್ಲಿ ಚಿತ್ರದಲ್ಲಿ ಚೆಂಡು ಕಂಬದೊಳಗೆ ಹಾದದ್ದು ಸ್ಪಷ್ಟವಿದ್ದರೂ ಪರದೆ ನೀಲ್ ಎಂದಿತು. ಯಂತ್ರವನ್ನು ಫುಟ್‌ಬಾಲಿನ ಅಳತೆಗೆ ಹೊಂದಿಸಿಟ್ಟಿದ್ದರು, ಹರ್ಲಿಂಗಿಗೆ ಬದಲಿಸಿರಲಿಲ್ಲ. ಉಳಿದ ಬಹುತೇಕ ಮೈದಾನಗಳಲ್ಲಿ ಈ ಯಂತ್ರವೇ ಇಲ್ಲ. ಅಲ್ಲಿ ಮುಖ್ಯ ಕ್ಯಾಮೆರಾದ ಓರೆ ಕೋನದಿಂದ ರೀಪ್ಲೇ ತೋರಿಸಿ, ಹೊರಗೆ ಹೋದಂತಿದೆ ಎಂದು ಕಾಮೆಂಟರಿಯಲ್ಲಿ ಅನುಮಾನ ಬಿತ್ತುವುದು ಅಂಪೈರಿಗೆ ಮಾಡುವ ಅನ್ಯಾಯ. ಓರೆಯಿಂದ ನೋಡಿದರೆ ಎತ್ತರದ ಚೆಂಡು ಯಾವಾಗಲೂ ಪಕ್ಕಕ್ಕೆ ಸರಿದಂತೆಯೇ ಕಾಣುತ್ತದೆ. ಕಂಬದ ನೇರಕ್ಕೆ ಕ್ಯಾಮೆರಾ ಇಲ್ಲದಿದ್ದರೆ ಆ ರೀಪ್ಲೇ ಬೇಡ, ಆ ಹೊತ್ತಿಗೆ ಪಕ್‌ಔಟ್ ತೋರಿಸಿ.

ಧ್ವನಿಗೂ ಪಕ್‌ಔಟಿಗೂ ನಂಟಿದೆ. ಸ್ಲಿಟರ್ ಕಮಾನಿನ ನಡುಮಧ್ಯಕ್ಕೆ ತಾಗಿದರೆ ಟಣ್ ಎನ್ನುವ ಗಟ್ಟಿ ಸದ್ದು, ಅಂಚಿಗೆ ತಾಗಿದರೆ ಮಂಕು ಸದ್ದು. ಹೊಡೆದ ಕ್ಷಣದಲ್ಲೇ ಚೆಂಡು ದೂರ ಹೋಗುತ್ತದೋ ಇಲ್ಲವೋ ಕಿವಿಗೆ ಗೊತ್ತಾಗುತ್ತದೆ. ಎರಡೂ ಗೋಲಿನ ಹಿಂದೆ, ಸಣ್ಣ ಆಯತಕ್ಕೆ ಗುರಿಯಿಟ್ಟ ಮೈಕುಗಳನ್ನು ಪಕ್‌ಔಟ್ ಹೊತ್ತಿಗೆ ಎತ್ತಿ, ಕಾಮೆಂಟರಿ ಒಂದು ಉಸಿರು ನಿಲ್ಲಲಿ. ಗೋಲಿ ತನ್ನವರಿಗೆ ಕೂಗುವುದು ಕೇಳಿಸಿದರೆ ಇನ್ನೂ ಒಳ್ಳೆಯದು.

ರಾತ್ರಿಯ ಮುಖ್ಯಾಂಶಗಳಲ್ಲೂ ಇದೇ ಕೊರತೆ. 67 ಸ್ಕೋರನ್ನು ಹತ್ತು ನಿಮಿಷಕ್ಕೆ ತುಂಬಿದರೆ ಒಂದಕ್ಕೆ ಒಂಬತ್ತು ಸೆಕೆಂಡು ಸಿಗುತ್ತದೆ, ನೋಡುವವರಿಗೆ ಕಂಬದ ಮೇಲೆ ಹಾರುವ ಚೆಂಡುಗಳ ಮೆರವಣಿಗೆ ಕಾಣುತ್ತದೆ. ಫ್ರೀಯಿಂದ ಬಂದವನ್ನು ಅಂಕಿಯಲ್ಲಿ ಹೇಳಿ ಬಿಟ್ಟುಬಿಡಿ. ಉಳಿದದ್ದರಲ್ಲಿ ಎಂಟು-ಹತ್ತನ್ನು ಆರಿಸಿ, ಅವು ಹುಟ್ಟಿದ ಪಕ್‌ಔಟಿನಿಂದಲೇ ಪೂರ್ತಿಯಾಗಿ ತೋರಿಸಿ.

ಹಣ ಕೊಟ್ಟು ನೋಡಬೇಕಾದ ಪಂದ್ಯಗಳ ಬಗ್ಗೆ ಈ ದೇಶದಲ್ಲಿ 2014ರಿಂದ, ಇನ್ನೂ ಜೋರಾಗಿ 2023ರಿಂದ ಚರ್ಚೆ ನಡೆದಿದೆ. ಎಲ್ಲರಿಗೂ ಉಚಿತವಾಗಿ ಸಿಗಬೇಕಾದ ಪಟ್ಟಿಯಲ್ಲಿ ಆಲ್ ಐರ್ಲೆಂಡ್ ಫೈನಲುಗಳನ್ನು ಸರ್ಕಾರ ಸೇರಿಸಿದೆ. ಮನ್ಸ್ಟರ್ ಪ್ರಾಂತ್ಯದ ರೌಂಡ್ ರಾಬಿನ್ ಪಂದ್ಯಗಳು ಅಷ್ಟೇ ಮುಖ್ಯ, ಅವೂ ಎಲ್ಲರ ಮನೆಗೆ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಯುನೆಸ್ಕೋ 2018ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಆಟ ಇದು. ಆದರೆ ಉಚಿತವಾಗಿ ಬರಲಿ, ದುಡ್ಡಿಗೆ ಬರಲಿ, ಬಂದದ್ದರಲ್ಲಿ ಆಟ ಪೂರ್ತಿ ಕಾಣಬೇಕೆಂಬ ಬೇಡಿಕೆ ಎಲ್ಲ ವಾಹಿನಿಗೂ ಸಮಾನ.

ಹೊಸ ಲೀಗ್ ಶುರುವಾದಾಗ ಒಂದು ಪಂದ್ಯದಲ್ಲಿ ಇದನ್ನು ಮಾಡಿ ನೋಡಿ. ಪ್ರಥಮಾರ್ಧ ಈಗಿನ ಕ್ರಮದಲ್ಲಿ, ದ್ವಿತೀಯಾರ್ಧ ಪಕ್‌ಔಟ್ ಕಾಯುವವರನ್ನು ಕೂರಿಸಿ, ಒಂದೇ ರೀಪ್ಲೇ ನಿಯಮದಲ್ಲಿ. ಎರಡೂ ಅರ್ಧಗಳ ದಾಖಲೆ ಮುಂದಿಟ್ಟುಕೊಂಡು ಗೋಲಿಯ ಕೋಲಿನಿಂದ ಚೆಂಡು ಎದ್ದದ್ದು ಪರದೆಯಲ್ಲಿ ಎಷ್ಟು ಸಲ ಕಂಡಿತು ಎಂದು ಎಣಿಸಿ. ಆ ಎರಡು ಅಂಕಿಗಳನ್ನು ಪ್ರಕಟಿಸಿ.

ಇಂತಿ,
ಐರ್ಲೆಂಡಿನಲ್ಲಿ ನೆಲೆಸಿರುವ, ಹರ್ಲಿಂಗ್ ನೋಡುವ ಕನ್ನಡಿಗರು